ಸುತ್ತೋಲೆ ಮೊದಲು ಬಂತು, ಮಾಸ್ಕ್ ಆಮೇಲೆ



ಮುಂದೆ ಕೋವಿಡ್‌ನಂಥ ರೋಗ ಬಂದರೆ ತಯಾರಿ ಹೇಗಿರಬೇಕು ಅಂತ ಅಲ್ಲಲ್ಲಿ ಚರ್ಚೆ ನಡೀತಿದೆ. ಆಸ್ಪತ್ರೆ, ಲಸಿಕೆ, ಆಕ್ಸಿಜನ್ ಎಲ್ಲದರ ಬಗ್ಗೆಯೂ ಮಾತಿದೆ. ಆರೈಕೆ ಮಾಡೋರ ಬಗ್ಗೆ ಮಾತ್ರ ಇಲ್ಲ. ಆಶಾ ಅಕ್ಕಂದಿರು, ಅಂಗನವಾಡಿಯವರು, ಹಾಸ್ಟೆಲ್ ಅಡುಗೆಯವರು, ಆಸ್ಪತ್ರೆ ಆಯಾಗಳು. ಇವರಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳು ಎಷ್ಟು ಜನ ಅಂತ ನಿಮಗೆ ಹೇಳಬೇಕಾಗಿಲ್ಲ.

ನಾನು ಗುಮಾಸ್ತ. 2020ರಲ್ಲಿ ಬಂದ ಸುತ್ತೋಲೆಗಳಿಗೆ ಆವಕ ರಿಜಿಸ್ಟರಲ್ಲಿ ನಂಬರ್ ಹಾಕಿ, ಜೆರಾಕ್ಸ್ ಮಾಡಿ ಕೆಳಗೆ ಕಳಿಸೋದು ನನ್ನ ಕೆಲಸ. ಹಾಗಾಗಿ ಓದಿದೀನಿ. ಆರೈಕೆ ಮಾಡೋರು ಏನೇನು ಮಾಡಬೇಕು ಅನ್ನೋದು ಸಾಲುಸಾಲಾಗಿತ್ತು. ಅವರಿಗೆ ಯಾರು, ಯಾವತ್ತು, ಏನು ಕೊಡಬೇಕು ಅನ್ನೋದು ಹುಡುಕಿದರೂ ಸಿಗ್ತಿರಲಿಲ್ಲ. ಸುತ್ತೋಲೆ ವಾಟ್ಸಾಪಲ್ಲಿ ಒಂದೇ ದಿನಕ್ಕೆ ಹಳ್ಳಿ ತಲುಪ್ತಿತ್ತು. ಮಾಸ್ಕ್ ತಲುಪೋ ಹೊತ್ತಿಗೆ ಅಕ್ಕಂದಿರು ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ಅರ್ಧ ಊರು ಸುತ್ತಿ ಬಂದಿರ್ತಿದ್ದರು.

ಮನೆಯಲ್ಲೇ ಐಸೋಲೇಷನ್ ಮಾಡೋ ಮಾರ್ಗಸೂಚಿ ನೋಡಿ. ರೋಗಿಗೆ ಬೇರೆ ಕೋಣೆ, ದಿನದ 24 ಗಂಟೆ ನೋಡಿಕೊಳ್ಳೋಕೆ ಒಬ್ಬರು, 8 ಗಂಟೆಗೊಂದು ಹೊಸ ಮಾಸ್ಕ್. ವೈದ್ಯಕೀಯವಾಗಿ ಸರಿಯೇ. ಆದರೆ ಒಂದೇ ಕೋಣೆಯ ಜನತಾ ಮನೆಯಲ್ಲಿ ಆರು ಜನ ಇರೋ ಕಡೆ, ಇಡೀ ಬೀದಿಗೆ ಒಂದೇ ನಲ್ಲಿ ಇರೋ ಕಡೆ ಇದನ್ನ ಮಾಡಿಸೋದು ಯಾರು? ಆಶಾ ಅಕ್ಕ. ಆಗಲ್ಲ ಅಂದೋರ ಬೈಗುಳ ತಿನ್ನೋದೂ ಅವಳೇ. ಮೇಲಿನ ಬೀದಿಗೆ ಸರ್ವೆಗೆ ಹೋದರೆ ಜಗಲಿ ಹತ್ತಬೇಡ ಅನ್ನಿಸಿಕೊಳ್ಳೋದೂ ಅವಳೇ.

ಆ ಕಾಗದಗಳಲ್ಲಿ 'ಸಾಮಾಜಿಕ ಅಂತರ' ಅಂತಿತ್ತು. ಅದನ್ನ ನಮಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ, ಊರು ತಲೆತಲಾಂತರದಿಂದ ನಮ್ಮ ಮೇಲೆ ಪಾಲಿಸಿದ್ದೇ ಅದು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ 'ದೈಹಿಕ ಅಂತರ' ಅನ್ನೋಕೆ ಶುರು ಮಾಡ್ತು. ನಮ್ಮಲ್ಲಿ ಹಳೇ ಪದವೇ ಉಳೀತು, ಹಳೇ ರೂಢಿಗೆ ಹೊಸ ನೆಪ ಸಿಕ್ತು.

ಆಶಾಗಳೂ ಸೇರಿ ಆರೋಗ್ಯ ಕಾರ್ಯಕರ್ತರು ಕೋವಿಡ್‌ನಿಂದ ಸತ್ತರೆ 50 ಲಕ್ಷ ರೂಪಾಯಿ ವಿಮೆ ಅಂತ ಕೇಂದ್ರ ಸರ್ಕಾರ ಘೋಷಿಸ್ತು. ಒಳ್ಳೇದೇ. ಸಾಯದೆ 14 ದಿನ ಮಲಗಿದರೆ ಮನೆ ನಡೆಯೋದು ಹೇಗೆ? ಅದೇ ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ನಿಶ್ಚಿತ ಗೌರವಧನ, ಸುರಕ್ಷತಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದರು. ಇಂಥ ಹೊತ್ತಲ್ಲಿ ಮುಷ್ಕರ ಬೇಕಿತ್ತಾ ಅಂದೋರಿದ್ದರು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಪ್ರಶಸ್ತಿ ಕೊಟ್ಟಾಗ ಹೆಮ್ಮೆ ಪಡೋಕೆ ಎಲ್ಲರೂ ಬಂದರು. ಸಂಬಳ ಅನ್ನದೆ 'ಗೌರವಧನ' ಅಂತ ಬರೆದರೆ ಕನಿಷ್ಠ ವೇತನ, ರಜೆ, ಪಿಂಚಣಿ ಯಾವುದರ ಬಾಧ್ಯತೆಯೂ ಇಲ್ಲ. ಫೈಲ್ ಬರೆಯೋ ನನಗೆ ಒಂದು ಪದದ ಬೆಲೆ ಗೊತ್ತು.

ಹಾಗಾಗಿ ಮುಂದಿನ ಮಾರ್ಗಸೂಚಿಯ ಮೊದಲ ಪುಟದಲ್ಲಿ ಸರ್ಕಾರದ ಕರ್ತವ್ಯ ಇರಲಿ, ಆಮೇಲೆ ಆರೈಕೆ ಮಾಡೋರದ್ದು:

1. ಮಾಸ್ಕ್, ಗ್ಲೌಸ್, ಸ್ಯಾನಿಟೈಸರ್ ಕೈಗೆ ಬಂದ ಮೇಲೆಯೇ ಸರ್ವೆ ಆದೇಶ.
2. ಸೋಂಕು ತಗುಲಿದರೆ ಗುಣವಾಗೋವರೆಗೆ ದುಡ್ಡು ಕಡಿಯದ ರಜೆ, ಹೊರಗುತ್ತಿಗೆಯವರಿಗೂ.
3. ಬೇರೆ ಕೋಣೆ ಇಲ್ಲದ ಮನೆಯವರಿಗೆ ಹತ್ತಿರದಲ್ಲೇ ಊಟ ಸಮೇತ ಆರೈಕೆ ಕೇಂದ್ರ.
4. ಕರಡು ಬರೆಯೋ ಸಭೆಯಲ್ಲಿ ಈ ಹೆಣ್ಣುಮಕ್ಕಳ ಸಂಘಟನೆಗಳಿಗೆ ಕುರ್ಚಿ.

ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಗಣಿಯಲ್ಲಿ ದುಡಿಯೋ ಹೆಣ್ಣುಮಕ್ಕಳ ಹೆರಿಗೆ ಸೌಲಭ್ಯವನ್ನ ಕನಿಕರಕ್ಕೆ ಬಿಡಲಿಲ್ಲ, ಕಾನೂನಿನ ತಿದ್ದುಪಡಿಗೆ ತಂದರು. ನಮಗೂ ಚಪ್ಪಾಳೆ ಬೇಡ, ಬರಹದಲ್ಲಿ ಬೇಕು.

ನಿಮ್ಮ ತಾಲೂಕಿನ ಅಕ್ಕಂದಿರನ್ನ ಕೇಳಿ, ಇನ್ನೇನು ಸೇರಿಸಬೇಕು ಅಂತ ಬರೆದು ಕಳಿಸಿ. ಒಟ್ಟಿಗೆ ಮನವಿ ಕೊಡೋಣ. ಕೊಟ್ಟ ದಿನವೇ ಸ್ವೀಕೃತಿ ಸೀಲು ಹಾಕಿಸಿಕೊಳ್ಳೋದು ಮರೀಬೇಡಿ.

ಜೈ ಭೀಮ್.