ಅರವತ್ತೆರಡರ ಮಗ್ಗಿ

ಸಮುದ್ರ ದಾಟಿ ಹೋದ ಸಂಸಾರಸ್ಥನಿಗೆ ಮೊಟ್ಟಮೊದಲು ಅಂಟಿಕೊಳ್ಳುವ ವ್ಯಾಧಿಯೆಂದರೆ ಗುಣಾಕಾರ. 2024ರಲ್ಲಿ ನಾನೂ ನನ್ನಾಕೆಯೂ ಮಗನ ಮನೆಯಲ್ಲಿ ಒಂದು ತಿಂಗಳು ಇದ್ದು ಬರಲೆಂದು ಸಿಂಗಪುರಕ್ಕೆ ಹೋದಾಗ, ಅಲ್ಲಿಯ ಒಂದು ಡಾಲರಿಗೆ ನಮ್ಮ ಸುಮಾರು 62 ರೂಪಾಯಿ. ಚಿಕ್ಕಂದಿನಲ್ಲಿ ಇಪ್ಪತ್ತರ ತನಕ ಮಗ್ಗಿ ಕಲಿತು ಅಲ್ಲಿಗೇ ಕೈಬಿಟ್ಟಿದ್ದ ನನ್ನಾಕೆ, ಆ ಊರಿಗೆ ಕಾಲಿಟ್ಟ ಮೂರೇ ದಿನಗಳಲ್ಲಿ ಅರವತ್ತೆರಡರ ಮಗ್ಗಿಯನ್ನು ಅರಗಿಸಿಕೊಂಡುಬಿಟ್ಟಳು.

ಒಂದು ಡಾಲರು ನಲವತ್ತು ಸೆಂಟಿನ ಕಾಫಿ ಬಂದರೆ, ಲೋಟಕ್ಕೆ ತುಟಿ ಸೋಕುವ ಮೊದಲೇ ತೀರ್ಪು ಹೊರಬೀಳುತ್ತಿತ್ತು: "ಎಂಬತ್ತೇಳು ರೂಪಾಯಿ! ಈ ದುಡ್ಡಿಗೆ ನಮ್ಮಿಬ್ಬರ ಒಂದು ವಾರದ ಕಾಫಿಪುಡಿ ಬರುತ್ತಿತ್ತಲ್ಲ ಅಂದ್ರೆ?" ಐದು ಡಾಲರಿನ ಮಸಾಲೆ ದೋಸೆ ಬಂದರೆ, "ಮುನ್ನೂರ ಹತ್ತು!" ಎಂದು ತಟ್ಟೆಯನ್ನೇ ನೋಡುತ್ತ ಕೂರುವಳು. ದೋಸೆ ಆರಿ ಚರ್ಮವಾಗುವುದು. ಮಗ ನಗುತ್ತ ಹೇಳುತ್ತಿದ್ದ: "ಅಮ್ಮ, ಗುಣಿಸಿ ತಿಂದರೆ ಯಾವ ದೋಸೆಯೂ ರುಚಿಸುವುದಿಲ್ಲ. ಇಲ್ಲಿ ಸಂಪಾದಿಸಿದ್ದನ್ನು ಇಲ್ಲಿ ತಿನ್ನುವಾಗ ರೂಪಾಯಿಯ ಮಾತೇಕೆ?"

ನಾನು ಬಾಯಿ ಬಿಡಲಿಲ್ಲ. ಆದರೆ ಒಳಗೊಳಗೇ ನಾನೂ ಗುಣಿಸುತ್ತಿದ್ದೆ. ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ಸವೆಸಿದವನ ಬುದ್ಧಿ, ನಿವೃತ್ತಿಯಾದ ಮಾತ್ರಕ್ಕೆ ಸುಮ್ಮನೆ ಕೂರುವುದುಂಟೆ?

ನಾವು ಹೆಚ್ಚಾಗಿ ಉಂಡದ್ದು ಅಲ್ಲಿಯವರು ಹಾಕರ್ ಸೆಂಟರ್ ಎಂದು ಕರೆಯುವ ದೊಡ್ಡ ಭೋಜನ ಚಾವಡಿಗಳಲ್ಲಿ. ಹಿಂದೆ ಸಿಂಗಪುರದ ಬೀದಿಗಳಲ್ಲಿಯೂ ನಮ್ಮಲ್ಲಿಯಂತೆಯೇ ಕೈಗಾಡಿಯವರು, ಬುಟ್ಟಿಯವರು, ಒಲೆ ಹೊತ್ತು ತಿರುಗುವವರು ತುಂಬಿದ್ದರಂತೆ. ಸರ್ಕಾರ ಅವರನ್ನು ಬೀದಿಯಿಂದ ಓಡಿಸಿ ಕೈತೊಳೆದುಕೊಳ್ಳಲಿಲ್ಲ. 1971ರಿಂದ 1986ರ ತನಕ ಸೂರು, ನಲ್ಲಿ, ಚರಂಡಿಗಳುಳ್ಳ ಚಾವಡಿಗಳನ್ನು ಕಟ್ಟಿಸಿ ಅವರನ್ನು ಅಲ್ಲಿಗೆ ಸ್ಥಳಾಂತರಿಸಿತು. ಇಂದು ಅಂಥವು ನೂರಕ್ಕೂ ಹೆಚ್ಚಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆ ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಲಿಟ್ಲ್ ಇಂಡಿಯಾ ಭಾಗದ ಟೆಕ್ಕಾ ಸೆಂಟರಿನಲ್ಲಿ ಕುಳಿತು ನಾನು ಕಂಡ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವಲು ಎಸೆದು ಜಾಗ ಹಿಡಿಯುವಂತೆ, ಅಲ್ಲಿಯವರು ಕಾಗದದ ಕರವಸ್ತ್ರದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು ಜಾಗ ಕಾದಿರಿಸುತ್ತಾರೆ. ಅದನ್ನು ಯಾರೂ ಮುಟ್ಟುವುದಿಲ್ಲ. ಉಂಡ ತಟ್ಟೆಯನ್ನು ಅವರವರೇ ಒಯ್ದು ಇಡಬೇಕು. 2021ರ ಸೆಪ್ಟೆಂಬರಿನಿಂದ ಅದು ಕಾನೂನು. ಕಂಠಕೌಪೀನ ಬಿಗಿದ ಅಧಿಕಾರಿಯೂ ನೆಲ ಗುಡಿಸುವ ಮುದುಕಿಯೂ ಒಂದೇ ಮೇಜಿನ ಎರಡು ತುದಿಗಳಲ್ಲಿ ಕುಳಿತು, ಒಂದೇ ಅಂಗಡಿಯ ಅನ್ನವನ್ನು ಒಂದೇ ಬೆಲೆಗೆ ತಿನ್ನುತ್ತಿದ್ದರು. ಸಿಂಗಪುರವೇನೂ ರಾಮರಾಜ್ಯವಲ್ಲ. ಕಟ್ಟಡ ಕೆಲಸಕ್ಕೆಂದು ಬಂಗಾಳದೇಶದಿಂದಲೂ ತಮಿಳುನಾಡಿನಿಂದಲೂ ಬಂದವರು ಗುತ್ತಿಗೆಯ ಪೊಟ್ಟಣದ ಊಟವನ್ನೇ ನೆಚ್ಚಿ ದಿನ ನೂಕುವುದನ್ನೂ ಅಲ್ಲಿಯೇ ಕೇಳಿದೆ. ಆದರೂ ಆ ಮೇಜು ನನ್ನ ಮನಸ್ಸಿನಲ್ಲಿ ಉಳಿಯಿತು.

ಮರುವರ್ಷ ಮಗ ಊರಿಗೇ ಹಿಂತಿರುಗಿದ. ಕೆಲಸ ವೈಟ್‌ಫೀಲ್ಡಿನಲ್ಲಿ. 2025ರ ಡಿಸೆಂಬರಿನ ಒಂದು ದಿನ, "ಮಧ್ಯಾಹ್ನದ ಊಟಕ್ಕೆ ನನ್ನ ಆಫೀಸಿನ ಕಡೆ ಬನ್ನಿ" ಎಂದು ನಮ್ಮಿಬ್ಬರನ್ನೂ ಕರೆದ. ರಾಜಾಜಿನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಪಟ್ಟಂದೂರು ಅಗ್ರಹಾರದಲ್ಲಿ ಇಳಿದೆವು. ಒಂದು ಕಾಲಕ್ಕೆ ಬುತ್ತಿ ಕಟ್ಟಿಕೊಂಡು ಹೊರಡಬೇಕಾಗಿದ್ದ ದೂರ ಅದು!

ಈ ವೈಟ್‌ಫೀಲ್ಡಿನ ಕಥೆಯೂ ಸ್ವಾರಸ್ಯವಾದದ್ದು. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಗಾಗಿ 3,900 ಎಕರೆ ಭೂಮಿಯನ್ನು ಕೊಟ್ಟರು. ಅದಕ್ಕಾಗಿ ಶ್ರಮಿಸಿದ ಡಿ. ಎಸ್. ವೈಟ್ ಎಂಬುವರ ಹೆಸರೇ ಊರಿಗೆ ನಿಂತಿತು. ಸುಮಾರು ನೂರು ವರ್ಷ ತೋಟ, ಹೆಂಚಿನ ಮನೆ, ಚರ್ಚುಗಳ ಪ್ರಶಾಂತ ಗ್ರಾಮವಾಗಿದ್ದ ಇಲ್ಲಿಗೆ 1990ರ ದಶಕದಲ್ಲಿ ಬಂದಿಳಿದದ್ದು ಯಾರು? ಅದೇ ಸಿಂಗಪುರ! ಭಾರತ ಮತ್ತು ಸಿಂಗಪುರಗಳ ಪಾಲುಗಾರಿಕೆಯಲ್ಲಿ, ಕರ್ನಾಟಕ ಸರ್ಕಾರವೂ ಕೈಜೋಡಿಸಿ ಇಲ್ಲಿ ಕಟ್ಟಿದ ಟೆಕ್ ಪಾರ್ಕನ್ನು ಊರವರೆಲ್ಲ ಐಟಿಪಿಎಲ್ ಎಂದೇ ಬಲ್ಲರು. ಸಿಂಗಪುರದ ಗಾಜಿನ ಗೋಡೆ, ತಂಪು ಹವೆ, ನುಣುಪು ನೆಲ ಎಲ್ಲವೂ ಬಂದವು. ಆ ಭೋಜನ ಚಾವಡಿಯ ಮೇಜು ಮಾತ್ರ ಹಡಗು ಹತ್ತಲಿಲ್ಲ ಎಂಬುದು ನನಗೆ ಮನವರಿಕೆಯಾದದ್ದು ಆ ಮಧ್ಯಾಹ್ನ.

ಮಗ ನಮ್ಮನ್ನು ಸಮೀಪದ ಕಟ್ಟಡವೊಂದರ ಮಹಡಿಯ ಮೇಲಿದ್ದ ಊಟದ ಅಂಗಣಕ್ಕೆ ಕರೆದೊಯ್ದ. ಅನ್ನ, ಎರಡು ಚಪಾತಿ, ಪಲ್ಯ, ಸಾರು, ಒಂದು ಚಮಚದಷ್ಟು ಪಾಯಸ: ತಟ್ಟೆಗೆ 250 ರೂಪಾಯಿ. ಕಾಫಿಗೆ 180. ನನ್ನಾಕೆ ಅಭ್ಯಾಸಬಲದಿಂದ ಗುಣಿಸಲು ಹೋಗಿ, ಗುಣಿಸತಕ್ಕದ್ದೇನೂ ಇಲ್ಲವೆಂದು ತಿಳಿದು ಬೆಪ್ಪಾದಳು. "ಪಾಪ, ಸಿಂಗಪುರದ ಕಾಫಿಯನ್ನು ಸುಮ್ಮನೆ ಬೈದೆ ನೋಡಿ. ಅದು ಎಂಬತ್ತೇಳೇ ಇತ್ತು" ಎಂದಳು.

ಬೆಲೆ ಹೀಗೇಕೆಂದು ಯೋಚಿಸಿದರೆ ಕಾರಣ ಅಕ್ಕಿಬೇಳೆಯಲ್ಲಿಲ್ಲ. ಅಲ್ಲಿಯ ಚಾವಡಿಯನ್ನು ಸರ್ಕಾರವೇ ಕಟ್ಟಿಸಿತು. ಹಳೆಯ ಅಂಗಡಿಯವರಲ್ಲಿ ಕೆಲವರಿಗೆ ಬಾಡಿಗೆಯಲ್ಲಿಯೂ ರಿಯಾಯಿತಿ ಉಂಟು. ಇಲ್ಲಿಯ ತಟ್ಟೆಯ ಮೇಲಾದರೋ ಮಹಡಿಯ ಬಾಡಿಗೆ, ತಂಪು ಹವೆ, ದೀಪಾಲಂಕಾರ, ಶೇಕಡಾ 5ರ ತೆರಿಗೆ ಎಲ್ಲವೂ ಕುಳಿತಿರುತ್ತವೆ. ಅನ್ನ ಅವುಗಳ ನಡುವೆ ಸ್ವಲ್ಪ ಜಾಗ ಮಾಡಿಕೊಂಡಿರುತ್ತದೆ, ಅಷ್ಟೆ.

ಊಟ ಮುಗಿಸಿ ಹೊರಗೆ ಬಂದಾಗ ಗೇಟಿನ ಪಕ್ಕದ ಹೊಂಗೆಯ ನೆರಳಿನಲ್ಲಿ ಕಾವಲುಗಾರರೊಬ್ಬರು ಡಬ್ಬಿ ಬಿಚ್ಚಿ ಕುಳಿತಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ. ನನ್ನಾಕೆಯ ಕಣ್ಣು ರೊಟ್ಟಿಯ ಮೇಲೆ ನಿಂತಿತು; ಅಷ್ಟು ತೆಳ್ಳಗಿತ್ತು ಅದು. ಮಾತು ಬೆಳೆಯಿತು. ರಾಯಚೂರು ಕಡೆಯವರು. ಹೆಂಡತಿ ಮಕ್ಕಳೊಡನೆ ಕಾಡುಗೋಡಿಯಲ್ಲಿ ಒಂದು ಕೋಣೆಯ ಮನೆ. ದಿನಕ್ಕೆ ಹನ್ನೆರಡು ಗಂಟೆ ಕೆಲಸ, ತಿಂಗಳಿಗೆ ಇಪ್ಪತ್ತಾರು ದಿನ, ಸಂಬಳ ಹದಿನೆಂಟು ಸಾವಿರ.

"ಒಳಗೆ ಯಾವಾಗಲಾದರೂ ಊಟ ಮಾಡಿದ್ದೀರಾ, ಯಜಮಾನರೇ?" ಎಂದೆ.

"ಒಳಗಿಂದು ನಮ್ಮಂಥವ್ರಿಗಲ್ಲರೀ, ಸರ. ಒಂದು ತಾಟಿನ ರೊಕ್ಕದಾಗ ನಮ್ಮ ಮನ್ಯಾಗ ಎರಡು ದಿನದ ಸಂತಿ ಆಗ್ತದ" ಎಂದರು. ದೂರಿನ ದನಿಯೇನೂ ಇರಲಿಲ್ಲ. ಬಿಸಿಲು ಜಾಸ್ತಿಯಾಯಿತು ಎನ್ನುವ ಹಾಗೆ ಹೇಳಿದರು.

ಹಿಂತಿರುಗುವಾಗ ಮೆಟ್ರೊದಲ್ಲಿ ಕುಳಿತು ನಾನು ಹಳೆಯ ಕಸುಬಿಗೆ ಇಳಿದೆ. ಈ ಬಾರಿ ಡಾಲರನ್ನು ರೂಪಾಯಿಗೆ ಗುಣಿಸಲಿಲ್ಲ. ತಟ್ಟೆಯ ಬೆಲೆಯನ್ನು ದುಡಿಮೆಯ ಗಂಟೆಗೆ ಭಾಗಿಸಿದೆ. ಕಾವಲುಗಾರರ ಒಂದು ಗಂಟೆಯ ಗಳಿಕೆ ಸುಮಾರು 58 ರೂಪಾಯಿ. ಹಾಗಾದರೆ 250 ರೂಪಾಯಿಯ ಊಟಕ್ಕೆ ಅವರು ನಾಲ್ಕು ಗಂಟೆ ಇಪ್ಪತ್ತು ನಿಮಿಷ ನಿಲ್ಲಬೇಕು. ತಿಂಗಳಿಗೆ ಒಂದೂವರೆ ಲಕ್ಷ ಪಡೆಯುವ ನನ್ನ ಮಗನಿಗೆ ಅದೇ ಊಟ ಇಪ್ಪತ್ತು ನಿಮಿಷದ ಕೆಲಸ. ಸಿಂಗಪುರದಲ್ಲಿ ಸ್ಥಳೀಯರಾದ ಸಾಮಾನ್ಯ ಶುಚಿಗಾರರಿಗೆ 2024ರ ಜುಲೈಯಿಂದ ನಿಗದಿಯಾಗಿದ್ದ ಕನಿಷ್ಠ ಮಾಸಿಕ ವೇತನ 1,740 ಡಾಲರು. ವಾರಕ್ಕೆ 44 ಗಂಟೆಯಂತೆ ಲೆಕ್ಕ ಹಾಕಿದರೆ ಐದು ಡಾಲರಿನ ಊಟ ಅವರಿಗೆ ಮೂವತ್ತಮೂರು ನಿಮಿಷದ್ದು. ಅಲ್ಲಿ ಆರು ಸಾವಿರ ಡಾಲರು ಪಡೆಯುವವನಿಗೆ ಹತ್ತು ನಿಮಿಷಕ್ಕಿಂತ ತುಸು ಕಡಮೆ. ಅಲ್ಲಿ ಇಬ್ಬರ ನಡುವಿನ ಅಂತರ ಮೂರೂವರೆ ಪಟ್ಟು. ನಮ್ಮ ಗೇಟಿನ ಒಳಗೂ ಹೊರಗೂ ಇರುವ ಅಂತರ ಹದಿಮೂರು ಪಟ್ಟು. ವಿದೇಶದ ಊಟ ದುಬಾರಿ, ಸ್ವದೇಶದ್ದು ಅಗ್ಗ ಎಂಬ ನಮ್ಮ ನಂಬಿಕೆ ಯಾರ ಗಡಿಯಾರದ ಪ್ರಕಾರ ಎಂದು ಕೇಳಬೇಕಾಗುತ್ತದೆ.

ಹೀಗೆ ಲೆಕ್ಕ ಹಾಕುವಾಗ ನನಗೆ ಪೀಣ್ಯ ನೆನಪಾಯಿತು. ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ 1980ರ ದಶಕದಲ್ಲಿ ಅನ್ನ, ಹುಳಿ, ಮಜ್ಜಿಗೆಯ ಊಟಕ್ಕೆ ಒಂದೂವರೆ ರೂಪಾಯಿ. ಲೇತ್ ತಿರುಗಿಸುವವನೂ ಮ್ಯಾನೇಜರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಅದು ಮಾಲಿಕರ ಔದಾರ್ಯ ಮಾತ್ರವಾಗಿರಲಿಲ್ಲ. 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಕ್ಯಾಂಟೀನ್ ಇರಬೇಕೆಂದು ಸರ್ಕಾರ ವಿಧಿಸಬಹುದೆಂದು 1948ರ ಕಾರ್ಖಾನೆ ಕಾಯಿದೆ ಹೇಳಿತ್ತು. ಕ್ಯಾಂಟೀನಿನ ಕೆಲವು ಖರ್ಚುಗಳನ್ನು ಊಟದ ಬೆಲೆಗೆ ಸೇರಿಸದೆ ಮಾಲಿಕನೇ ಹೊರಬೇಕೆಂಬ ಮಾತು 1976ರ ತಿದ್ದುಪಡಿಯಲ್ಲಿ ಬಂತು.

ಅದೇ ವಾರ ಪೀಣ್ಯಕ್ಕೂ ಹೋಗಿಬಂದೆ. ಸಣ್ಣ ಸಣ್ಣ ಷೆಡ್ಡುಗಳ ಆ ಲೋಕದಲ್ಲಿ ಹತ್ತು ಹದಿನೈದು ಜನರ ಘಟಕಗಳೇ ಹೆಚ್ಚು. ಅವರಿಗೆ ಯಾವ ಕ್ಯಾಂಟೀನೂ ಇಲ್ಲ. ತಳ್ಳುಗಾಡಿಯಲ್ಲಿ ಮುದ್ದೆ, ಬಸ್ಸಾರು 70 ರೂಪಾಯಿ. ದರ್ಶಿನಿಯಲ್ಲಿ ನಿಂತು ತಿನ್ನುವ ಅನ್ನ ಸಾಂಬಾರು 60. ಇವು ನಮಗೆ ಅಗ್ಗ. ಆದರೆ ಆ ಕಾವಲುಗಾರರ ಗಡಿಯಾರದಲ್ಲಿ ಇವೂ ಒಂದು ಗಂಟೆಗೆ ಮೇಲೆಯೇ. ಸಿಂಗಪುರದ ಶುಚಿಗಾರರ ಮೂವತ್ತಮೂರು ನಿಮಿಷವನ್ನು ಇವು ಕೂಡ ಮುಟ್ಟುವುದಿಲ್ಲ. ಮುಟ್ಟುವುದು ಒಂದೇ: 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು. ತಿಂಡಿಗೆ 5, ಊಟಕ್ಕೆ 10 ರೂಪಾಯಿ. ನಾನೂ ಸಾಲಿನಲ್ಲಿ ನಿಂತು ಉಂಡೆ. ಬಿಸಿಯಾಗಿತ್ತು, ಸಾಕಷ್ಟಿತ್ತು. ಆದರೆ ನನ್ನ ಮಗನಂಥವರು ಯಾರೂ ಆ ಸಾಲಿನಲ್ಲಿರಲಿಲ್ಲ. ಸಿಂಗಪುರದಲ್ಲಿ ಒಂದೇ ಆಗಿದ್ದ ಮೇಜು ನಮ್ಮಲ್ಲಿ ಎರಡಾಗಿ, ನಡುವೆ ಮೈಲುಗಟ್ಟಲೆ ದೂರ ಬಿದ್ದಿದೆ.

ಹಾಗೆಂದು ಹೋಟೆಲಿನವರನ್ನು ದೂಷಿಸುವುದು ನ್ಯಾಯವಲ್ಲ. ಆಜ್ಞೆ ಹೊರಡಿಸಿ ಬೆಲೆ ಇಳಿಸಿದರೆ ಏನಾಗುವುದೆಂಬುದನ್ನು ಬೆಂಗಳೂರು ಕಂಡಿದೆ. 1924ರಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಕಂಡು ಕಲಿತು ಬಂದವರು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಗೊತ್ತುಮಾಡಿದ ಬೆಲೆಗೆ ಗುಣ ಕೆಡಿಸದೆ ಮಾರಿದ ಆ ಹೋಟೆಲು ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ತೂಗುಹಾಕಿ, ಕೊನೆಗೆ ಬಾಗಿಲನ್ನೇ ಹಾಕಬೇಕಾಯಿತು. ಮತ್ತೆ ತೆರೆದು ಬೆಳೆದು, 2013ರಲ್ಲಿ ಸಿಂಗಪುರದಲ್ಲಿಯೂ ಶಾಖೆ ಮಾಡಿತೆನ್ನುವುದು ಬೇರೆ ಮಾತು. ತಟ್ಟೆಯ ಬೆಲೆ ಇಳಿಯಬೇಕಾದರೆ ಅಡುಗೆಯವನ ಕೈ ಕಟ್ಟಬಾರದು; ಅವನ ತಲೆಯ ಮೇಲಿನ ಬಾಡಿಗೆಯ ಹೊರೆಯನ್ನು ಬೇರೆ ಯಾರಾದರೂ ಹೊರಬೇಕು.

ಅದಕ್ಕೆ ದಾರಿಯಿಲ್ಲವೆ? 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ವ್ಯಾಪಾರಕ್ಕೆ ಜಾಗ ಗುರುತಿಸಿ ಕೊಡಬೇಕೆಂದು ಹೇಳಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ, ಹಿಂದಿನ 250ನ್ನು ನೂರಕ್ಕೆ ಇಳಿಸಿ, ಗುತ್ತಿಗೆಯವರನ್ನೂ ಆ ಎಣಿಕೆಗೆ ಸೇರಿಸಿ ಕ್ಯಾಂಟೀನಿನ ಮಾತನಾಡಿದೆ. ಗುತ್ತಿಗೆಯವರೆಂದರೆ ಗೇಟಿನ ಕಾವಲುಗಾರ, ನೆಲ ಒರೆಸುವಾಕೆ, ತೋಟದ ಮಾಲಿ. ಕಾಗದದ ಮೇಲೆ ಮೇಜು ಸಿದ್ಧವಾಗಿದೆ. ಎಲೆ ಹಾಕುವವರು ಬೇಕು.

ಸಂಕ್ರಾಂತಿ ಕಳೆದ ಮೇಲೆ ಮತ್ತೊಮ್ಮೆ ಅತ್ತ ಹೋದೆವು. ನನ್ನಾಕೆ ಎಳ್ಳು ಬೆಲ್ಲದ ಪೊಟ್ಟಣವೊಂದನ್ನು ಆ ಕಾವಲುಗಾರರಿಗೆಂದೇ ಕಟ್ಟಿಕೊಂಡಿದ್ದಳು. ಅದನ್ನು ಕಣ್ಣಿಗೊತ್ತಿಕೊಂಡ ಅವರು, "ಅಮ್ಮಾರು ಬರೇ ಕೈಲೆ ಹೋಗಬಾರ್ದರೀ" ಎಂದು ಎದುರಿನ ಗಾಡಿಯಿಂದ ಎರಡು ಚಹಾ ತರಿಸಿದರು. ನಾನು ಜೇಬಿಗೆ ಕೈ ಹಾಕಿದರೆ ಬಿಡಲಿಲ್ಲ. ಎರಡು ಚಹಾಕ್ಕೆ ಮೂವತ್ತು ರೂಪಾಯಿ. ಅವರ ಗಡಿಯಾರದಲ್ಲಿ ಅರ್ಧ ಗಂಟೆ.

ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವಾಗ ನನ್ನಾಕೆ ಕೇಳಿದಳು: "ಅರ್ಧ ಗಂಟೆ ಅಲ್ಲವೆ?" ನಾನು ಹೌದೆಂದೆ. ಅರವತ್ತೆರಡರ ಮಗ್ಗಿಯನ್ನು ಅವಳು ಆಮೇಲೆ ಹೇಳಿದ್ದನ್ನು ನಾನು ಕೇಳಿಲ್ಲ.