ನಾನೂರು ವರ್ಷ ನಿಂತ ಕ್ರೇನು

ಬುನಾದಿಯ ಗೋಡೆ ಕೊರೆದು ಮಾಡಿದ ದಾರಿಯಿಂದ ಒಳಹೊಕ್ಕಿದ್ದೀರಿ. ಮುಂದಿರುವುದು ಸುರುಳಿ ಮೆಟ್ಟಿಲು, ಒಟ್ಟು 533. ಲಿಫ್ಟ್ ಇಲ್ಲ. ಇಳಿಯುವವರಿಗೂ ಇದೇ ಇಕ್ಕಟ್ಟಿನ ದಾರಿ; ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಗೋಡೆಯ ತುಂಬ ಹೆಸರುಗಳು, ಎದೆಗೆ ಬಾಣ ಚುಚ್ಚಿದ ಚಿತ್ರಗಳು. ಅವುಗಳ ಕೆಳಗಿನ ಕಲ್ಲನ್ನು ಮುಟ್ಟಿ ನೋಡಿ. ತಣ್ಣಗಿದೆ, ಒರಟಾಗಿದೆ. ಮಧ್ಯಯುಗದಲ್ಲಿ ಡ್ರಾಕೆನ್‌ಫೆಲ್ಸ್ ಬೆಟ್ಟದಲ್ಲಿ ಕಡಿದು, ರೈನ್ ನದಿಯ ಮೇಲೆ ದೋಣಿಯಲ್ಲಿ ಇಲ್ಲಿಗೆ ತಂದ ಕಲ್ಲು ಇಂಥದು.

ಇದು ಜರ್ಮನಿಯ ಕೊಲೋನ್. ನೀವು ಹತ್ತುತ್ತಿರುವುದು ಅಲ್ಲಿನ ಕೆಥೆಡ್ರಲ್ಲಿನ ದಕ್ಷಿಣ ಗೋಪುರ. ಊರವರಿಗೆ ಅದು ಬರೀ ‘ಡೋಮ್’. ರೈಲು ನಿಲ್ದಾಣದ ಬಾಗಿಲು ದಾಟಿದ ಕೂಡಲೇ ಕಪ್ಪಗೆ, ಕತ್ತೆತ್ತಿದಷ್ಟೂ ಮುಗಿಯದಂತೆ ಎದುರಿಗೆ ನಿಂತಿರುತ್ತದೆ.

ಉಸಿರು ಸಿಕ್ಕಿಕೊಳ್ಳುವ ಹೊತ್ತಿಗೆ ಗಂಟೆಮನೆ ಬರುತ್ತದೆ. 24 ಟನ್ ತೂಕದ ಸಂತ ಪೀಟರನ ಗಂಟೆ, 1923ರಲ್ಲಿ ಎರಕ ಹೊಯ್ದದ್ದು, ತೊಲೆಗಳ ನಡುವೆ ತೂಗಿಕೊಂಡಿದೆ. ಕೊಲೋನಿನವರ ಬಾಯಲ್ಲಿ ಇದು ‘ಡಿಕ್ಕರ್ ಪಿಟ್ಟರ್’, ನಮ್ಮ ಕಡೆಯ ಮಾತಿನಲ್ಲಿ ಡುಮ್ಮ ಪೀಟರ್. ದೊಡ್ಡ ಹಬ್ಬಗಳಿದ್ದರೆ ಮಾತ್ರ ಬಾಯಿ ಬಿಡುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಿ, ದಣಿವಿಗಾಗಿ ಮಾತ್ರವಲ್ಲ. ಮೈಸೂರಿನ ಸಂತ ಫಿಲೋಮಿನಾ ಚರ್ಚು ನಿಮಗೆ ಗೊತ್ತಿರುತ್ತದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಆ ಚರ್ಚಿಗೆ ಮಾದರಿ ಇದೇ ಡೋಮ್ ಎನ್ನುತ್ತಾರೆ. ಅಲ್ಲಿನ ಜೋಡಿ ಗೋಪುರಗಳ ಎತ್ತರ 175 ಅಡಿ. ನೀವೀಗ ನಿಂತಿರುವುದು ಹೆಚ್ಚುಕಡಿಮೆ ಆ ಗೋಪುರಗಳ ತುದಿಯ ಮಟ್ಟದಲ್ಲಿ. ಇಲ್ಲಿ ಇದು ಮೂರನೆಯ ಒಂದು ಭಾಗ ಮಾತ್ರ. ಶತಮಾನಗಳ ಕಾಲ ಕೊಲೋನಿನ ಜನ ಕಂಡಿದ್ದೂ ಇಷ್ಟೇ. ಗೋಪುರ ಸುಮಾರು 56 ಮೀಟರಿಗೆ ಬಂದು ನಿಂತುಬಿಟ್ಟಿತ್ತು, ನೆತ್ತಿಯ ಮೇಲೊಂದು ಮರದ ಕ್ರೇನನ್ನು ಹೊತ್ತುಕೊಂಡು.

ಶುರುವಾದದ್ದು ಭಾರೀ ಉಮೇದಿನಿಂದಲೇ. 1164ರಲ್ಲಿ ಆರ್ಚ್‌ಬಿಷಪ್ ರೈನಾಲ್ಡ್ ಮಿಲಾನಿನಿಂದ ಮೂವರು ಜ್ಞಾನಿಗಳ ಅಸ್ಥಿಗಳನ್ನು ತಂದ. ಬೆತ್ಲೆಹೆಮ್ಮಿನಲ್ಲಿ ಶಿಶು ಯೇಸುವನ್ನು ಕಾಣಲು ನಕ್ಷತ್ರ ಹಿಡಿದು ಹೋದರಲ್ಲ, ಅವರದು ಎಂದು ನಂಬಿಕೆ. ಯಾತ್ರಿಕರು ಹಿಂಡುಹಿಂಡಾಗಿ ಬಂದರು. ಹಳೆಯ ಇಗರ್ಜಿ ಸಾಲದಾಯಿತು, 1248ರಲ್ಲಿ ಅದು ಸುಟ್ಟೂ ಹೋಯಿತು. ಅದೇ ವರ್ಷ ಆಗಸ್ಟ್ 15ರಂದು ಆರ್ಚ್‌ಬಿಷಪ್ ಕಾನ್ರಾಡ್ ಹೊಸದಕ್ಕೆ ಅಡಿಗಲ್ಲು ಇಟ್ಟ. ಶಿಲ್ಪಿ ಗೆರಾರ್ಡ್. 1322ರಲ್ಲಿ ಪೂರ್ವದ ಗರ್ಭಭಾಗ ಮುಗಿದು ಪೂಜೆ ಶುರುವಾಯಿತು. ಆಮೇಲೆ ಕೆಲಸ ಕುಂಟತೊಡಗಿತು, ಹಣ ಬತ್ತಿತು, 16ನೇ ಶತಮಾನದಲ್ಲಿ ಉಳಿ ಸುತ್ತಿಗೆಗಳ ಸದ್ದೇ ನಿಂತಿತು. ಕ್ರೇನು ಮಾತ್ರ ಕೆಳಗಿಳಿಯಲಿಲ್ಲ. ಅದರ ನೆರಳಲ್ಲಿ ಹುಟ್ಟಿ ಅದರ ನೆರಳಲ್ಲೇ ಸತ್ತ ತಲೆಮಾರುಗಳೆಷ್ಟೋ! ಹಳೆಯ ಕೊಲೋನಿನ ಚಿತ್ರಗಳಲ್ಲೆಲ್ಲ ಅದು ಇದೆ. ಡೋಮ್ ಮುಗಿದ ದಿನ ಪ್ರಳಯ ಎಂಬ ಮಾತು ಊರಲ್ಲಿ ಇಂದಿಗೂ ಓಡಾಡುತ್ತದೆ.

1794ರಲ್ಲಿ ಫ್ರೆಂಚ್ ಸೈನ್ಯ ಬಂದಾಗ ಈ ಅರೆಬರೆ ಗುಡಿ ಗೋದಾಮಾಯಿತು. ಅದೇ ಕಾಲದಲ್ಲಿ ಕೊಲೋನಿನ ಸುಲ್ಪಿಟ್ಸ್ ಬೊಯಿಸೆರೇ ಎಂಬ ಯುವಕನಿಗೆ ಇದನ್ನು ಮುಗಿಸಲೇಬೇಕು ಎಂಬ ಹುಚ್ಚು ಹತ್ತಿತು. ಆದರೆ ನಕ್ಷೆಯೇ ಇಲ್ಲ. 1814ರಲ್ಲಿ ಡಾರ್ಮ್‌ಸ್ಟಾಟ್ ಊರಿನ ಒಂದು ಅಟ್ಟದಲ್ಲಿ ಚರ್ಮದ ಹಾಳೆಯೊಂದು ಸಿಕ್ಕಿತು. ಅದರ ಮೇಲೆ ಹುರುಳಿಕಾಯಿ ಒಣಗಿಸುತ್ತಿದ್ದರಂತೆ. ಪಶ್ಚಿಮದ ಮುಖಭಾಗದ ಮೂಲ ನಕ್ಷೆಯ ಅರ್ಧ ಅದು. ಉಳಿದರ್ಧ ಎರಡು ವರ್ಷಗಳ ಬಳಿಕ ಪ್ಯಾರಿಸ್ಸಿನಲ್ಲಿ ಸಿಕ್ಕಿತು. ನನ್ನ ಮಟ್ಟಿಗೆ ಡೋಮಿನ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಮೈ ನವಿರೇಳಿಸುವ ಗಳಿಗೆ ಬೇರೆ ಇಲ್ಲ. ಐದು ಶತಮಾನ ಹಿಂದಿನ ಗೆರೆಯನ್ನೇ ಹಿಡಿದು 1842ರಲ್ಲಿ ಕೆಲಸ ಮತ್ತೆ ಶುರುವಾಯಿತು. ಕ್ಯಾಥೊಲಿಕರ ಗುಡಿಗೆ ಈ ಸಲ ಕಲ್ಲಿಟ್ಟವನು ಪ್ರಾಟೆಸ್ಟೆಂಟ್ ದೊರೆ, ಪ್ರಷ್ಯದ ನಾಲ್ಕನೇ ಫ್ರೆಡರಿಕ್ ವಿಲಿಯಂ. ಕ್ರೇನನ್ನು ಇಳಿಸಿದ್ದು 1868ರಲ್ಲಿ. 1880ರಲ್ಲಿ ಗೋಪುರಗಳು 157 ಮೀಟರ್ ಮುಟ್ಟಿದವು, ಲೋಕದಲ್ಲೇ ಅತಿ ಎತ್ತರದ ಕಟ್ಟಡವಾದವು. ಅಡಿಗಲ್ಲಿನಿಂದ ಇಲ್ಲಿಗೆ 632 ವರ್ಷ. ಸಮಾರಂಭಕ್ಕೆ ಚಕ್ರವರ್ತಿ ಬಂದ. ಆರ್ಚ್‌ಬಿಷಪ್ ಮಾತ್ರ ಇರಲಿಲ್ಲ. ಸರ್ಕಾರಕ್ಕೂ ಚರ್ಚಿಗೂ ಜಗಳ ನಡೆದು ಆತ ದೇಶಭ್ರಷ್ಟನಾಗಿದ್ದ.

ಏರಿ, ಇನ್ನು ಕಬ್ಬಿಣದ ಮೆಟ್ಟಿಲು. ಸುಮಾರು 97 ಮೀಟರ್ ಎತ್ತರದಲ್ಲಿ ಗಾಳಿ ಮುಖಕ್ಕೆ ರಾಚುತ್ತದೆ. ಕೆಳಗೆ ರೈನ್, ಅದರ ಮೇಲೆ ಹೊಹೆನ್‌ಝೊಲರ್ನ್ ಸೇತುವೆ, ಒಂದರ ಹಿಂದೊಂದು ರೈಲು. ಎರಡನೇ ಮಹಾಯುದ್ಧ ಮುಗಿದಾಗ ಇಲ್ಲಿಂದ ಕಾಣುತ್ತಿದ್ದುದು ಕಲ್ಲುಮಣ್ಣಿನ ರಾಶಿ. ಹಳೆಯ ಊರು ಬಹುಪಾಲು ನೆಲಸಮವಾಗಿತ್ತು. ಡೋಮಿಗೂ 14 ಬಾಂಬು ಬಿದ್ದವು, ಆದರೂ ನಿಂತಿತು. 1943ರಲ್ಲಿ ಉತ್ತರ ಗೋಪುರದ ಕಂಬವೊಂದು ಸೀಳಿ ಕುಸಿಯುವಂತಾದಾಗ ಆ ಬಾಯಿಗೆ ಇಟ್ಟಿಗೆ ತುಂಬಿ ಉಳಿಸಿದರು. ದಶಕಗಳ ಕಾಲ ಹೊರಗೆ ಕಾಣುತ್ತಿದ್ದ ಆ ಇಟ್ಟಿಗೆಯ ತೇಪೆಯನ್ನು ಈಗ ಕಲ್ಲಿನಿಂದ ಮುಚ್ಚಿದ್ದಾರೆ. ಬಿಟ್ಟಿದ್ದರೆ ಚೆನ್ನಾಗಿತ್ತು.

ಇಳಿದು, ಗುಡಿಯೊಳಗೆ ಬನ್ನಿ. ಬಿಸಿಲಿದ್ದರೆ ಮಧ್ಯಾಹ್ನವೇ ಸರಿಯಾದ ಹೊತ್ತು. ದಕ್ಷಿಣದ ಕಿಟಕಿಯಿಂದ ಬಣ್ಣಗಳು ನೆಲಕ್ಕೆ ಚೆಲ್ಲಿರುತ್ತವೆ. ಚಿತ್ರಕಾರ ಗೆರಾರ್ಡ್ ರಿಕ್ಟರ್ 2007ರಲ್ಲಿ ರಚಿಸಿದ ಕಿಟಕಿ: 72 ಬಣ್ಣ, ಹನ್ನೊಂದು ಸಾವಿರಕ್ಕೂ ಮಿಕ್ಕಿದ ಗಾಜಿನ ಚೌಕಗಳು, ಒಬ್ಬ ಸಂತನೂ ಇಲ್ಲ. ಆಗಿನ ಕಾರ್ಡಿನಲ್‌ಗೆ ಅದು ಹಿಡಿಸಲಿಲ್ಲ. ನಿಮ್ಮ ಅಂಗಿಯ ಮೇಲೆ ನೀಲಿ ಹಸಿರು ಬಿದ್ದ ಮೇಲೆ ನೀವೇ ತೀರ್ಮಾನಿಸಿ. ಗರ್ಭಭಾಗದಲ್ಲಿ ಮೂವರು ಜ್ಞಾನಿಗಳ ಚಿನ್ನದ ಪೆಟ್ಟಿಗೆ ಹೊಳೆಯುತ್ತಿದೆ, ಜನ ಅಲ್ಲಿ ಮುಗಿಬೀಳುತ್ತಾರೆ. ಸುಮ್ಮನೆ ದಾಟಿಹೋಗಬೇಡಿ, 1266ರ ಶಿಲಾಶಾಸನವೊಂದನ್ನು ಹುಡುಕಿ ನೋಡಿ. ಊರಿನ ಯಹೂದಿಗಳಿಗೆ ಆರ್ಚ್‌ಬಿಷಪ್ ಕೊಟ್ಟ ರಕ್ಷಣೆಯ ಮಾತು ಅದರಲ್ಲಿದೆ. ಹಿಂದಿನ ಪ್ರದಕ್ಷಿಣಾಪಥದಲ್ಲಿ ಕಾನ್ರಾಡನ ಸಮಾಧಿಯಿರುವ ಕಿರುಗುಡಿಗೆ ಹೋದರೆ, ಬೆಳಕು ತಾಗದಂತೆ ಪರದೆ ಹಾಕಿಟ್ಟ ಆ ಅಟ್ಟದ ನಕ್ಷೆ. ಆಳೆತ್ತರದ ಎರಡರಷ್ಟಿದೆ.

ಹೊರಗೆ ಬಂದು ಮತ್ತೊಮ್ಮೆ ಮೇಲೆ ನೋಡಿ. ಎಲ್ಲೋ ಒಂದು ಕಡೆ ಅಟ್ಟಣಿಗೆ ಕಟ್ಟಿಯೇ ಇರುತ್ತಾರೆ. ಮಳೆಗೆ, ಹೊಗೆಗೆ ಕಲ್ಲು ಕರಗುತ್ತದೆ. ಡೋಮಿನ ಸ್ವಂತ ಕಮ್ಮಟದಲ್ಲಿ ಕಲ್ಲುಕುಟಿಗರು ವರ್ಷವಿಡೀ ಹೂ, ಎಲೆ, ಶಿಖರಗಳನ್ನು ಹೊಸದಾಗಿ ಕಡೆಯುತ್ತಾರೆ. ಡೋಮ್ ಮುಗಿಸಲೆಂದು 1842ರಲ್ಲಿ ನಾಗರಿಕರು ಕಟ್ಟಿದ ಸಂಘ 1880ರಲ್ಲಿ ಬಾಗಿಲು ಹಾಕಲಿಲ್ಲ. ಈ ದುರಸ್ತಿಯ ಖರ್ಚಿನಲ್ಲಿ ದೊಡ್ಡ ಪಾಲನ್ನು ಇಂದಿಗೂ ಅದೇ ಸಂಘ ಹೊರುತ್ತಿದೆ.