ಸಿಪ್ಪೆಯೊಳಗಿನ ಕಬ್ಬಿಣ

ಪಟಮಟದಿಂದ ಆಟೋನಗರದ ಕಡೆಗೆ ಹೊರಟರೆ ಲಾರಿಗಳ ಹಳೆಯ ಬಿಡಿಭಾಗಗಳು ತುಕ್ಕು ಹಿಡಿದು ಬಿದ್ದಿರುವುದು ಕಾಣುತ್ತದೆ. ತೆಲುಗಿನಲ್ಲಿ ತುಕ್ಕಿಗೆ ‘ತುಪ್ಪು’ ಎನ್ನುತ್ತಾರೆ. ವರ್ಗವಾಗಿ ಬಂದ ಹೊಸತರಲ್ಲಿ ಆ ಮಾತು ಕೇಳಿದಾಗಲೆಲ್ಲ ನನಗೆ ತುಪ್ಪವೇ ನೆನಪಾಗುತ್ತಿತ್ತು. ಅದೇ ತುಕ್ಕಿನ ಬಳಗದ ವಸ್ತುವೊಂದು ಕಳೆದ ವರ್ಷ ನನ್ನ ಹೆಂಡತಿಯ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯಿತು.

ಗರ್ಭಕೋಶದ ಗಡ್ಡೆಯಿಂದ ಅವಳ ಹಿಮೋಗ್ಲೋಬಿನ್ ಏಳೂವರೆಗೆ ಕುಸಿದಿತ್ತು. ಅದು ಹತ್ತಕ್ಕೇರದೆ ಶಸ್ತ್ರಚಿಕಿತ್ಸೆ ಬೇಡವೆಂದರು ವೈದ್ಯರು. ಕಬ್ಬಿಣದ ಮಾತ್ರೆ ಹೊಟ್ಟೆಗೆ ಒಗ್ಗಲಿಲ್ಲ. ಕೊನೆಗೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಗಾಢ ಕಂದು ದ್ರವವನ್ನು ಸಲೈನಿನಲ್ಲಿ ಬೆರೆಸಿ ಕೊಟ್ಟರು. ಸಾವಿರ ಮಿಲಿಗ್ರಾಂ ಕಬ್ಬಿಣ, ಕಾಲು ಗಂಟೆಯಲ್ಲಿ.

“ತುಕ್ಕಿನ ನೀರಿದ್ದ ಹಾಗಿದೆಯಲ್ಲ ರೀ,” ಎಂದಳು.

ಇಂಗ್ಲಿಷ್ ಸಾಹಿತ್ಯ ಓದಿ ಸರ್ಕಾರಿ ಕಡತಗಳ ನಡುವೆ ಬದುಕುವ ನನಗೆ ರಸಾಯನಶಾಸ್ತ್ರ ಕಬ್ಬಿಣದ ಕಡಲೆಯೇ. ಆದರೂ ಓದಿದೆ. ಅವಳ ಮಾತು ನಿಜವಾಗಿತ್ತು. ಆ ದ್ರವದ ಪ್ರತಿ ಕಣದ ತಿರುಳು ಕೆಲವೇ ನ್ಯಾನೋಮೀಟರ್ ಗಾತ್ರದ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡ್. ಮಿಲಿಮೀಟರೊಂದನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ನ್ಯಾನೋಮೀಟರ್. ಅದರ ಸುತ್ತ ಸಕ್ಕರೆಯ ಘಟಕಗಳನ್ನು ಸರಪಳಿಯಾಗಿ ಹೆಣೆದ ಪಾಲಿಮರ್ ಸಿಪ್ಪೆ. ಈ ಕಡಲೆಯಲ್ಲಿ ಕಾಳಿಗಿಂತ ಸಿಪ್ಪೆಯದೇ ಹೆಚ್ಚುಗಾರಿಕೆ. ರಕ್ತದಲ್ಲಿ ಒಮ್ಮೆಲೇ ಬಿಡುಗಡೆಯಾದ ಕಬ್ಬಿಣ ವಿಷ. 1930ರ ದಶಕದಲ್ಲಿ ಹೊದಿಕೆಯಿಲ್ಲದ ಫೆರಿಕ್ ಹೈಡ್ರಾಕ್ಸೈಡನ್ನು ಚುಚ್ಚಿ ನೋಡಿದಾಗ ರೋಗಿಗಳು ತೀವ್ರ ಯಾತನೆಪಟ್ಟರು. 1950ರ ದಶಕದಲ್ಲಿ ಡೆಕ್ಸ್‌ಟ್ರಾನ್ ಎಂಬ ಪಾಲಿಮರ್ ಹೊದಿಸಿದ ಕಬ್ಬಿಣ ಬಂತು. ಕೆಲವರ ದೇಹ ಆ ಹೊದಿಕೆಯ ಮೇಲೆಯೇ ತಿರುಗಿಬಿದ್ದು ಪ್ರಾಣಕ್ಕೆ ಸಂಚಕಾರ ತಂದಿತು. ಈಗಿನ ಹೊದಿಕೆ ರಕ್ತದಲ್ಲಿ ಕಬ್ಬಿಣವನ್ನು ಬಿಗಿಹಿಡಿದು, ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳು ನುಂಗಿದ ಮೇಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಇದನ್ನು ನಮ್ಮ ದೇಹ ಮೊದಲೇ ಬಲ್ಲದು: ಫೆರಿಟಿನ್ ಎಂಬ ಪ್ರೋಟೀನಿನ ಟೊಳ್ಳು ಗೋಳದೊಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳವರೆಗೆ ಕೂಡಿಡುತ್ತದೆ.

ಗರ್ಭಿಣಿಯರಿಗೆ ಮಾತ್ರೆ ಮೇಲೋ, ಒಮ್ಮೆ ಕೊಡುವ ಈ ಬಗೆಯ ಡ್ರಿಪ್ ಮೇಲೋ ಎಂಬ ಪ್ರಯೋಗ ಕರ್ನಾಟಕ, ರಾಜಸ್ಥಾನಗಳಲ್ಲಿ 2021ರಲ್ಲಿ ಆರಂಭವಾಯಿತು, ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜು ಅದರಲ್ಲಿತ್ತು. ಪ್ರಶ್ನೆ ಸಣ್ಣದಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಕರ್ನಾಟಕದಲ್ಲಿ ಶೇ. 47.8, ಆಂಧ್ರದಲ್ಲಿ ಶೇ. 58.8.

ಆ ಸೀಸೆಯ ಬೆಲೆ ನನಗೆ ವೈದ್ಯಕೀಯ ಬಿಲ್ಲಿನ ಒಂದು ಸಾಲು. ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಎಷ್ಟೋ ದಿನಗಳ ದುಡಿಮೆ. ನಾಲ್ಕು ವಾರದಲ್ಲಿ ಹೆಂಡತಿಯ ಹಿಮೋಗ್ಲೋಬಿನ್ ಹತ್ತು ದಾಟಿತು, ಶಸ್ತ್ರಚಿಕಿತ್ಸೆಯೂ ಆಯಿತು. ಚೇತರಿಸಿಕೊಂಡ ಮೇಲೆ ಆಕೆಯನ್ನು ಇವಳೇ ರಕ್ತಪರೀಕ್ಷೆಗೆ ಕರೆದುಕೊಂಡು ಹೋದಳು. ಎಂಟು ಬಂತು. ಸದ್ಯಕ್ಕೆ ಮಾತ್ರೆ ಕೊಟ್ಟಿದ್ದಾರೆ; ಹೊಟ್ಟೆ ತೊಳಸುತ್ತದೆಂದು ದಿನ ಬಿಟ್ಟು ದಿನ ನುಂಗುತ್ತಿದ್ದಾಳೆ.